ಹಳೇ ವ್ಯಾನು, ಹೊಸ ತಗಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ತುಕ್ಕು ಹಿಡಿದ ವ್ಯಾನುಗಳದ್ದೇ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿ, ತಗಡು ಕತ್ತರಿಸಿ ವೆಲ್ಡ್ ಮಾಡುವ ವಿಷಯವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಜಾರುವ ಬಾಗಿಲಿನ ಕೆಳಗೆ ಬಣ್ಣ ಗುಳ್ಳೆ ಎದ್ದಿತ್ತು. ಸ್ಕ್ರೂಡ್ರೈವರ್‌ನಿಂದ ಕೆದಕಿದರೆ ಬೆರಳು ತೂರುವಷ್ಟು ತೂತು ಬಿತ್ತು. ಗ್ಯಾರೇಜಿನವರು ಪುಟ್ಟಿ ಹಾಕಿ ಬಣ್ಣ ಹೊಡೆದುಕೊಡ್ತೀವಿ ಅಂತಾರೆ. ಗೆಳೆಯ ಕತ್ತರಿಸಿ ವೆಲ್ಡ್ ಮಾಡಿಸು ಅಂತಾನೆ. ಯಾರ ಮಾತು ಕೇಳಲಿ?

ಗೆಳೆಯರ ಮಾತು ಕೇಳಿ. ಗುಳ್ಳೆ ಒಡೆದು ತೂತು ಬಿತ್ತು ಅಂದರೆ ತುಕ್ಕು ಒಳಗಿನಿಂದ ತಿಂದುಕೊಂಡು ಬಂದು ಈಗ ಹೊರಗೆ ಮುಖ ತೋರಿಸಿದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೇ ಬಣ್ಣ ಮೇಲೇಳೋದು, ಎರಡು ತಗಡು ಸೇರಿದ ಅಂಚು ಬಾಯಿ ಬಿಡೋದು. ಇಂಥ ಕಡೆ ಪುಟ್ಟಿ ಮೆತ್ತಿದರೆ ಹೊರಗೆ ನುಣ್ಣಗೆ ಕಾಣುತ್ತದೆ, ಒಳಗೆ ಕೆಲಸ ಮುಂದುವರಿಯುತ್ತಲೇ ಇರುತ್ತದೆ. ಗಾಡಿಯ ಬಾಡಿಯ ಮೇಲೆ ಹಾಕುವ ಮಾಮೂಲಿ ಪಾಲಿಯೆಸ್ಟರ್ ಪುಟ್ಟಿ ನೀರನ್ನೂ ಹೀರಿಕೊಳ್ಳುತ್ತದೆ. ಹಿಂದಿನಿಂದ ತೇವ ತಗುಲಿದರೆ ಸ್ವಲ್ಪ ದಿನಕ್ಕೇ ಅದೇ ಜಾಗದಲ್ಲಿ ಮತ್ತೆ ಗುಳ್ಳೆ.

ಇನ್ನೊಂದು ವಿಷಯ. ಬಾಗಿಲಿನ ಕೆಳಗೆ ಪೆಟ್ಟಿಗೆಯ ಹಾಗೆ ಉದ್ದಕ್ಕೆ ಹೋಗುವ ಭಾಗಕ್ಕೆ ಸಿಲ್ ಅಂತಾರೆ. ಅದು ಅಂದಕ್ಕೆ ಇಟ್ಟಿದ್ದಲ್ಲ. ಹೊರಗೊಂದು ತಗಡು, ಒಳಗೊಂದು, ಎಷ್ಟೋ ಗಾಡಿಗಳಲ್ಲಿ ನಡುವೆ ಗಟ್ಟಿತನಕ್ಕೆ ಮತ್ತೊಂದು. ಅಡಿಯಲ್ಲಿ ಬೇರೆ ಚಾಸಿ, ಅಂದರೆ ಭಾರ ಹೊರುವ ಚೌಕಟ್ಟು, ಇಲ್ಲದ ವ್ಯಾನುಗಳಲ್ಲಿ ಇಡೀ ಬಾಡಿ ಬಗ್ಗದೆ ನಿಲ್ಲೋದರಲ್ಲಿ ಸಿಲ್ಲಿನ ಪಾಲು ದೊಡ್ಡದು. ಅಪಘಾತದಲ್ಲಿ ಒಳಗೆ ಕೂತವರನ್ನು ಕಾಯೋ ಭಾಗಗಳಲ್ಲಿ ಅದೂ ಒಂದು. ಅಲ್ಲಿ ಪುಟ್ಟಿಗೆ ಜಾಗವೇ ಇಲ್ಲ.

ಪ್ರಶ್ನೆ: ತೂತು ಇರೋದು ಸಣ್ಣದು. ಅದಕ್ಕೋಸ್ಕರ ಅಷ್ಟು ದೊಡ್ಡದಾಗಿ ಯಾಕೆ ಕತ್ತರಿಸಬೇಕು? ತುಕ್ಕನ್ನು ಕಪ್ಪಗೆ ಮಾಡುವ ದ್ರಾವಣ ಹಚ್ಚಿ ಮೇಲೊಂದು ಪ್ಯಾಚ್ ಕೂರಿಸಿದರೆ ಸಾಲದಾ?

ಸಾಲದು. ತುಕ್ಕಿನ ಮೇಲೆ ಪ್ಯಾಚ್ ಕೂರಿಸಿದರೆ ಹಳೇ ತಗಡಿಗೂ ಹೊಸದಕ್ಕೂ ನಡುವೆ ಒಂದು ಸಂದು ಉಳಿಯುತ್ತದೆ. ಅಲ್ಲಿಗೆ ನೀರು ಹೋಗುತ್ತದೆ, ಆದರೆ ಗಾಳಿ ಆಡಿ ಒಣಗೋದಿಲ್ಲ. ಹೊಸ ತಗಡೂ ಅಲ್ಲಿಂದಲೇ ಕೊಳೆಯೋಕೆ ಶುರು. ಜೊತೆಗೆ ತುಕ್ಕು ಹಿಡಿದು ತೆಳುವಾದ ಅಂಚಿಗೆ ವೆಲ್ಡ್ ನಿಲ್ಲೋದೇ ಇಲ್ಲ. ಕಿಡಿ ತಗುಲಿದ ಕೂಡಲೇ ಸುಟ್ಟು ತೂತು ದೊಡ್ಡದಾಗುತ್ತಾ ಹೋಗುತ್ತದೆ. ಆಮೇಲೆ ಆ ತೂತು ತುಂಬೋದರಲ್ಲೇ ದಿನ ಕಳೆಯುತ್ತೀರಿ.

ಎಲ್ಲಿವರೆಗೆ ಕತ್ತರಿಸಬೇಕು ಅಂತ ತಗಡೇ ಹೇಳುತ್ತದೆ. ಬಣ್ಣ, ಟಾರು, ಹಳೇ ಪುಟ್ಟಿ ಎಲ್ಲಾ ತಂತಿ ಬ್ರಷ್ಷಿನಿಂದ ತೆಗೆಯಿರಿ. ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ಡಬ್ ಅಂತ ಮಂಕಾಗಿ ಸದ್ದು ಮಾಡುತ್ತದೆ. ಮೈಮೇಲೆ ಸಿಡುಬಿನ ಕಲೆಯ ಹಾಗೆ ಸಣ್ಣ ಸಣ್ಣ ಕುಳಿ ಇದ್ದರೆ ಅದನ್ನೂ ಕತ್ತರಿಸಿ ತೆಗೆಯಿರಿ, ಅಲ್ಲಿ ದಪ್ಪ ಉಳಿದಿರೋದಿಲ್ಲ. ಎರಡೂ ಬದಿ ಮಿಂಚುವ ತಗಡು ಸಿಗೋವರೆಗೆ ಹೋಗಬೇಕು, ಅದಕ್ಕೂ ಮುಂಚೆ ನಿಲ್ಲಿಸಬೇಡಿ. ಮನಸ್ಸಿಗೆ ಕಷ್ಟ ಆಗುತ್ತದೆ ನಿಜ, ಆದರೆ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಹಂತ ಇನ್ನೊಂದಿಲ್ಲ.

ಆ ದ್ರಾವಣದ ಬಗ್ಗೆ: ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲ ಇರುವ ಆ ಸಾಮಾನು ಮೇಲ್ಮೈಯ ತೆಳು ತುಕ್ಕಿಗೆ ಒಳ್ಳೆಯದೇ. ಕಳೆದುಹೋದ ಕಬ್ಬಿಣವನ್ನು ಅದು ವಾಪಸ್ ತರೋದಿಲ್ಲ ಅಷ್ಟೇ.

ಪ್ಯಾಚ್ ಮಾಡುವಾಗ ಮೊದಲು ರಟ್ಟಿನಲ್ಲಿ ಅಳತೆ ಕತ್ತರಿಸಿ, ಬಗ್ಗಿಸಿ, ಕೂರಿಸಿ ನೋಡಿ, ಆಮೇಲೆ ತಗಡು. ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಮಾಡಿ. ಚೂಪು ಮೂಲೆಯಲ್ಲಿ ಒತ್ತಡ ಸೇರಿ ಬಿರುಕು ಬಿಡುತ್ತದೆ. ದಪ್ಪ ಮೂಲ ತಗಡಿನಷ್ಟೇ ಇರಲಿ. ಹೊರಗಿನ ಬಾಡಿ ತಗಡಿಗೆ ಸಾಮಾನ್ಯವಾಗಿ 0.8ರಿಂದ 1 ಮಿ.ಮೀ., ಒಳಗಿನ ಬಲ ಕೊಡುವ ಭಾಗಗಳಿಗೆ 1.2ರಿಂದ 1.5, ಚಾಸಿ ರೈಲಿನಂಥದ್ದಕ್ಕೆ (ಗಾಡಿಯ ಅಡಿಯಲ್ಲಿ ಉದ್ದಕ್ಕೆ ಹೋಗುವ ತೊಲೆ) 2 ಮಿ.ಮೀ. ತನಕ. ದಪ್ಪ ಹಾಕಿದರೆ ಗಟ್ಟಿ ಅಂತ 3 ಮಿ.ಮೀ. ಪ್ಲೇಟು ತಂದು ತೆಳು ತಗಡಿಗೆ ಅಂಟಿಸುವವರಿದ್ದಾರೆ. ಪ್ಲೇಟು ಕರಗುವಷ್ಟು ಬಿಸಿ ಕೊಟ್ಟರೆ ತಗಡು ಸುಡುತ್ತದೆ, ತಗಡಿಗೆ ತಕ್ಕ ಬಿಸಿ ಕೊಟ್ಟರೆ ಪ್ಲೇಟಿಗೆ ವೆಲ್ಡ್ ಹಿಡಿಯೋದೇ ಇಲ್ಲ.

ಪ್ರಶ್ನೆ: ನನ್ನ ಹತ್ತಿರ ಗೇಟು ಗ್ರಿಲ್ಲಿಗೆ ಬಳಸುವ ರಾಡ್ ವೆಲ್ಡಿಂಗ್ ಮೆಷಿನ್ ಇದೆ. ಅದರಲ್ಲೇ ಮಾಡಬಹುದಾ?

ದಪ್ಪ ಕಬ್ಬಿಣಕ್ಕೆ ಅದು ಒಳ್ಳೆ ಮೆಷಿನ್. 0.8 ಮಿ.ಮೀ. ತಗಡಿಗೆ ಬೇಡ, ತೂತು ಹೊಡೆಯುತ್ತದೆ. ಬಾಡಿ ಕೆಲಸಕ್ಕೆ ಮಿಗ್ ಮೆಷಿನ್ (ರಾಡಿನ ಬದಲು ತೆಳು ತಂತಿಯನ್ನು ತಾನೇ ಮುಂದೆ ತಳ್ಳುವಂಥದ್ದು), 0.6 ಮಿ.ಮೀ. ತಂತಿ, ಆರ್ಗಾನ್ ಜೊತೆ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಸೇರಿದ ಗ್ಯಾಸ್, ಇದು ಸರಿಯಾದ ಜೋಡಿ. ಗ್ಯಾಸ್ ಬೇಡದ ಫ್ಲಕ್ಸ್ ತಂತಿಯಲ್ಲೂ ಕೆಲವರು ಮಾಡುತ್ತಾರೆ. ಅದು ಬಿಸಿ ಜಾಸ್ತಿ, ಕಿಡಿ ಜಾಸ್ತಿ, ಹೊಸಬರಿಗೆ ಕಷ್ಟ. ಟಿಗ್ ಅಂದರೆ ಟಂಗ್‌ಸ್ಟನ್ ಕಡ್ಡಿಯ ಕಿಡಿಯಲ್ಲಿ ಬೆಸೆಯುವ ವಿಧಾನ. ಅದರಲ್ಲಿ ಬೆಸುಗೆ ಚೆಂದ ಬರುತ್ತದೆ, ಆದರೆ ತಗಡು ಕನ್ನಡಿಯಷ್ಟು ಸ್ವಚ್ಛ ಇರಬೇಕು. ಹಳೇ ವ್ಯಾನಿನ ಅಡಿಯಲ್ಲಿ ಅಂಥ ತಗಡು ಎಲ್ಲಿ ಸಿಗಬೇಕು?

ವ್ಯಾನಿಗೆ ಕೈ ಹಾಕುವ ಮುಂಚೆ ಅದೇ ದಪ್ಪದ ಚೂರುಗಳ ಮೇಲೆ ಅಭ್ಯಾಸ ಮಾಡಿ. ಒಂದೇ ಸಮ ಚರಚರ ಸದ್ದು ಬಂದರೆ ಸರಿಯಿದೆ. ಪಟ್ ಪಟ್ ಅಂತ ಬಿಟ್ಟು ಬಿಟ್ಟು ಬಂದರೆ ತಂತಿಯ ವೇಗ ಸರಿಯಿಲ್ಲ, ಇಲ್ಲವೇ ಅರ್ಥ್ ಕ್ಲಾಂಪ್ (ಕರೆಂಟು ವಾಪಸ್ ಹೋಗೋಕೆ ತಗಡಿಗೆ ಕಚ್ಚಿಸುವ ಹಿಡಿಕೆ) ಬಣ್ಣದ ಮೇಲೆ ಕೂತಿದೆ. ಚೂರನ್ನು ತಿರುಗಿಸಿ ಹಿಂಬದಿ ನೋಡಿ, ಅಲ್ಲೂ ಬೆಸುಗೆ ಇಳಿದ ಗೆರೆ ಕಾಣಬೇಕು. ಆಮೇಲೆ ವೈಸಿಗೆ ಕಚ್ಚಿಸಿ ಹಿಂದೆ ಮುಂದೆ ಬಗ್ಗಿಸಿ ಮುರಿಯಿರಿ. ಬೆಸುಗೆ ಬಿಟ್ಟುಕೊಂಡರೆ ಇನ್ನೂ ಕಲಿಯಬೇಕು. ಬೆಸುಗೆ ನಿಂತು ಪಕ್ಕದ ತಗಡೇ ಹರಿದರೆ ಕೈ ಕೂತಿದೆ ಅಂತ.

ಪ್ರಶ್ನೆ: ಹಿಂದಿನ ಚಕ್ರದ ಮೇಲಿನ ತಗಡು ಬದಲಾಯಿಸಿದೆ. ವೆಲ್ಡ್ ಗಟ್ಟಿಯಾಗಿದೆ, ಆದರೆ ಇಡೀ ಪಕ್ಕ ಅಲೆ ಅಲೆಯಾಗಿ ಸೊಟ್ಟಗಾಗಿದೆ. ಏನಾಯ್ತು?

ಒಂದೇ ಉಸಿರಿಗೆ ಉದ್ದಕ್ಕೆ ವೆಲ್ಡ್ ಎಳೆದಿರಬೇಕು, ಅಲ್ವಾ? ಬಿಸಿಯಾದ ತಗಡು ಹಿಗ್ಗೋಕೆ ನೋಡುತ್ತದೆ. ಸುತ್ತಲಿನ ತಣ್ಣನೆ ತಗಡು ಬಿಡೋದಿಲ್ಲ. ಬಿಸಿಯಾದದ್ದು ಅಲ್ಲೇ ಒತ್ತಿಕೊಂಡು ಉಬ್ಬುತ್ತದೆ, ತಣ್ಣಗಾದಾಗ ಮೊದಲಿಗಿಂತ ಚಿಕ್ಕದಾಗಿ ಸುತ್ತಲಿನದನ್ನು ಎಳೆಯುತ್ತದೆ. ವ್ಯಾನಿನ ಪಕ್ಕಗಳು ಅಗಲ, ಚಪ್ಪಟೆ. ಹಾಗಾಗಿ ಈ ಸೊಟ್ಟ ಅಲ್ಲಿ ಬೇರೆಲ್ಲ ಕಡೆಗಿಂತ ಎದ್ದು ಕಾಣುತ್ತದೆ.

ಸರಿಯಾದ ಕ್ರಮ ಇದು. ಎರಡು ತಗಡಿನ ಅಂಚು ಎದುರುಬದುರು ಕೂರಬೇಕು, ನಡುವೆ 1 ಮಿ.ಮೀ.ಗಿಂತ ಜಾಸ್ತಿ ಸಂದು ಬೇಡ. ಮೊದಲು ಮೂಲೆಗಳಿಗೆ ಒಂದೊಂದು ಚುಕ್ಕೆಯಷ್ಟು ಬೆಸುಗೆ. ಆಮೇಲೆ 25–30 ಮಿ.ಮೀ.ಗೆ ಒಂದರಂತೆ, ಆದರೆ ಸಾಲಾಗಿ ಅಲ್ಲ: ಈ ತುದಿಯಲ್ಲಿ ಒಂದು ಹಾಕಿದರೆ ಮುಂದಿನದು ಆ ತುದಿಯಲ್ಲಿ. ನಂತರ ಎರಡು ಚುಕ್ಕೆಗಳ ನಡುವೆ ಒಂದು, ಮತ್ತೆ ಅವುಗಳ ನಡುವೆ ಒಂದು, ಹೀಗೆ ತುಂಬುತ್ತಾ ಬನ್ನಿ. ಒಂದು ಚುಕ್ಕೆ ಕೈಯಿಟ್ಟರೆ ತಡೆಯುವಷ್ಟು ತಣ್ಣಗಾಗೋವರೆಗೆ ಅದರ ಪಕ್ಕಕ್ಕೆ ಹೋಗಬೇಡಿ. ಸುಟ್ಟು ತೂತಾಗುವ ಭಯ ಇರುವ ಕಡೆ ಹಿಂದೆ ಒಂದು ತಾಮ್ರದ ತುಂಡು ಹಿಡಿದರೆ ಬಿಸಿಯನ್ನು ಅದು ಹೀರಿಕೊಳ್ಳುತ್ತದೆ, ಬೆಸುಗೆ ಅದಕ್ಕೆ ಅಂಟೋದೂ ಇಲ್ಲ. ಗ್ರೈಂಡರ್ ಹಿಡಿದಾಗಲೂ ಇದೇ ತಾಳ್ಮೆ ಬೇಕು. ಒಂದೇ ಕಡೆ ಒತ್ತಿ ತಗಡು ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಮತ್ತೆ ಸೊಟ್ಟ.

ನಿಮ್ಮದು ಈಗ ಆಗಿಹೋಗಿದೆ. ಹಿಂಬದಿಗೆ ಕೈ ಹೋಗುವ ಹಾಗಿದ್ದರೆ ಹಿಂದೆ ಡಾಲಿ (ಕೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ) ಇಟ್ಟು, ಮುಂದಿನಿಂದ ಬೆಸುಗೆಯ ಮೇಲೇ ಸುತ್ತಿಗೆಯಲ್ಲಿ ಹಗುರವಾಗಿ ತಟ್ಟುತ್ತಾ ಹೋಗಿ. ಕುಗ್ಗಿದ್ದು ಸ್ವಲ್ಪ ಸ್ವಲ್ಪವಾಗಿ ಹಿಗ್ಗುತ್ತದೆ. ಉಬ್ಬಿದ ಜಾಗಕ್ಕೆ ಬಡಿಯಬೇಡಿ, ತಪ್ಪು ಇರೋದು ಬೆಸುಗೆಯ ಗೆರೆಯಲ್ಲಿ. ಉಳಿದ ಚೂರುಪಾರಿಗೆ 2–3 ಮಿ.ಮೀ. ಒಳಗೆ ಪುಟ್ಟಿ ಹಾಕಿದರೆ ತಪ್ಪಿಲ್ಲ, ಅಡಿಯಲ್ಲಿ ತೇವ ತಡೆಯುವ ಎಪಾಕ್ಸಿ ಪ್ರೈಮರ್ ಇರಲಿ. ಮುಂದಿನ ಸಲ ಜೋಡಣೆಯ ಗೆರೆಯನ್ನು ಚಪ್ಪಟೆ ಜಾಗದ ನಡುವೆ ತರದೆ, ಬಾಡಿಯ ಮಡಿಕೆ ಅಥವಾ ಉಬ್ಬು ಗೆರೆಯ ಹತ್ತಿರ ತನ್ನಿ. ಅಲ್ಲಿ ತಗಡಿಗೆ ತನ್ನದೇ ಬಿಗಿ ಇರುತ್ತದೆ.

ಪ್ರಶ್ನೆ: ಒಂದು ಕಡೆಯ ಸಿಲ್ ಪೂರ್ತಿ ಬದಲಾಯಿಸಿದ ಮೇಲೆ ಬಾಗಿಲು ಹಾಕೋಕೇ ಆಗ್ತಿಲ್ಲ. ಹಿಂಜ್ ಅಡ್ಜಸ್ಟ್ ಮಾಡಲಾ?

ಹಿಂಜ್‌ನಲ್ಲಿ ಸರಿಹೋಗೋದು ಕೆಲವೇ ಮಿಲಿಮೀಟರ್. ನಿಮ್ಮ ಗಾಡಿ ಸಿಲ್ ಇಲ್ಲದಾಗ ನಡುವೆ ಜೋತುಬಿದ್ದಿದೆ, ಆ ಸ್ಥಿತಿಯಲ್ಲೇ ಹೊಸ ಸಿಲ್ ವೆಲ್ಡ್ ಆಗಿದೆ. ಇದಕ್ಕೆ ಅಡ್ಡದಾರಿ ಇಲ್ಲ. ವೆಲ್ಡ್ ಬಿಡಿಸಿ, ಗಾಡಿಯನ್ನು ಮತ್ತೆ ಅಳತೆಗೆ ತಂದು ಕೂರಿಸಬೇಕು.

ಇನ್ನು ಮುಂದೆ ಮಾಡುವವರು ಗಮನಿಸಿ. ಕತ್ತರಿಸುವ ಮುಂಚೆ ಗಾಡಿ ಸಮತಟ್ಟು ನೆಲದಲ್ಲಿ ಇರಲಿ, ಭಾರ ಚಕ್ರದ ಮೇಲೆ ಅಥವಾ ಸಸ್ಪೆನ್ಷನ್ ಕೂರುವ ಜಾಗಗಳ ಮೇಲೆ ಬೀಳಲಿ. ಬಾಗಿಲಿನ ಚೌಕಟ್ಟಿಗೆ ಅಡ್ಡಡ್ಡ, ಮೂಲೆಯಿಂದ ಮೂಲೆಗೆ ಚೌಕ ಪೈಪು ವೆಲ್ಡ್ ಮಾಡಿ ಬಿಗಿ ಮಾಡಿ. ಮೂಲೆಯಿಂದ ಮೂಲೆಗೆ ಅಳತೆ ಬರೆದಿಟ್ಟುಕೊಳ್ಳಿ. ಒಂದು ಕಡೆ ಮುಗಿಸಿ ಇನ್ನೊಂದು ಕಡೆ. ಹೊಸ ಪ್ಯಾನಲ್ಲನ್ನು ಚುಕ್ಕೆಯಲ್ಲಿ ಮಾತ್ರ ನಿಲ್ಲಿಸಿ, ಬಾಗಿಲು ತೂಗುಹಾಕಿ, ಹಾಕಿ ತೆಗೆದು ನೋಡಿ, ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇದೆಯಾ ನೋಡಿ. ಪೂರ್ತಿ ವೆಲ್ಡ್ ಆಮೇಲೆ.

ಪ್ರಶ್ನೆ: ವೆಲ್ಡ್ ಮಾಡುವಾಗ ಗಾಡಿಗೆ ಬೆಂಕಿ ಹತ್ತುತ್ತದಾ?

ಹತ್ತುತ್ತದೆ, ಅದೂ ನಿಮಗೆ ಕಾಣದ ಕಡೆ. ಕಿಡಿ ಬೀಳೋದು ಹೊರಗೆ, ಉರಿಯೋದು ಒಳಗಿನ ಮ್ಯಾಟು, ಸದ್ದು ತಡೆಯುವ ಹಾಳೆ, ವೈರು. ತಗಡಿನ ಹಿಂದೆ ಏನೇನಿದೆ ಅಂತ ಮೊದಲು ಬಿಚ್ಚಿ ನೋಡಿ, ಸುಡುವಂಥದ್ದನ್ನೆಲ್ಲ ತೆಗೆಯಿರಿ. ಬ್ಯಾಟರಿ ಕಳಚಿ. ಎಂಜಿನ್ ಕಂಪ್ಯೂಟರ್ ಇದ್ದರೆ ಅದರ ಪ್ಲಗ್ ಕಿತ್ತಿಡಿ. ಅರ್ಥ್ ಕ್ಲಾಂಪ್ ವೆಲ್ಡ್ ಮಾಡುವ ಜಾಗದ ಹತ್ತಿರವೇ ಇರಲಿ. ಇಂಧನದ ಟ್ಯಾಂಕ್ ಹತ್ತಿರ ಕೆಲಸ ಇದ್ದರೆ ಟ್ಯಾಂಕ್ ಇಳಿಸಿ ದೂರ ಇಡಿ. ಖಾಲಿ ಟ್ಯಾಂಕ್ ಅಂತ ಧೈರ್ಯ ಮಾಡಬೇಡಿ, ಅದರೊಳಗಿನ ಆವಿಯೇ ಸಿಡಿಯುತ್ತದೆ. ನೀವು ಹೆಲ್ಮೆಟ್ ಒಳಗೆ ಇರುವಾಗ ಇನ್ನೊಬ್ಬರು ಒಳಬದಿ ನೋಡುತ್ತಾ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಂತಿರಲಿ. ಕೆಲಸ ಮುಗಿದ ತಕ್ಷಣ ಬೀಗ ಹಾಕಿ ಹೋಗಬೇಡಿ, ಕನಿಷ್ಠ ಒಂದು ಗಂಟೆ ಅಲ್ಲೇ ಇದ್ದು ಆಗಾಗ ಕೈಯಿಟ್ಟು ನೋಡಿ.

ಇದನ್ನು ದಯವಿಟ್ಟು ಮರೆಯಬೇಡಿ: ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ತಗಡು ಒರೆಸಿ ಅದರ ಮೇಲೆ ವೆಲ್ಡ್ ಮಾಡಬಾರದು. ಬಿಸಿಗೆ ಅದರಿಂದ ಫಾಸ್ಜೀನ್ ಅನ್ನುವ ವಿಷದ ಗಾಳಿ ಹುಟ್ಟಬಹುದು, ಸ್ವಲ್ಪವೇ ಆದರೂ ಶ್ವಾಸಕೋಶಕ್ಕೆ ಅಪಾಯ.

ಪ್ರಶ್ನೆ: ಸತು ಲೇಪಿಸಿದ ತಗಡು ಬಳಸಿದರೆ ತುಕ್ಕು ಬರಲ್ಲ ಅಲ್ವಾ?

ವೆಲ್ಡ್ ಮಾಡಿದ ಗೆರೆಯಲ್ಲಿ ಸತು ಸುಟ್ಟುಹೋಗುತ್ತದೆ, ಹಾಗಾಗಿ ಅಲ್ಲಿ ರಕ್ಷಣೆ ಇಲ್ಲ. ಅದರ ಬಿಳಿ ಹೊಗೆ ಕುಡಿದರೆ ಚಳಿ, ಜ್ವರ ಬರಬಹುದು. ಬಳಸುವುದಾದರೆ ಅಂಚಿನ ಸುತ್ತ 2–3 ಸೆಂ.ಮೀ. ಸತು ಉಜ್ಜಿ ತೆಗೆಯಿರಿ, ಗಾಳಿಯಾಡುವ ಕಡೆ ತಕ್ಕ ಮಾಸ್ಕ್ ಹಾಕಿ ಮಾಡಿ.

ಪ್ರಶ್ನೆ: ದುಡ್ಡು ಕೊಟ್ಟು ಒಳ್ಳೆ ವೆಲ್ಡಿಂಗ್ ಮಾಡಿಸಿದೆ, ಹೊರಗೆ ಬಣ್ಣವೂ ಚೆನ್ನಾಗಿದೆ. ವರ್ಷ ಕಳೆಯೋದರೊಳಗೆ ಅದೇ ಗೆರೆಯಲ್ಲಿ ಕೆಂಪು ನೀರು ಸೋರ್ತಿದೆ.

ಹಿಂಬದಿಗೆ ಏನೂ ಹಚ್ಚಿಲ್ಲ, ಅದೇ ಕಾರಣ. ವೆಲ್ಡ್ ಆದ ಜಾಗದ ಹಿಂದೆ ಬಣ್ಣ, ಪ್ರೈಮರ್ ಎಲ್ಲಾ ಸುಟ್ಟು ಬರೀ ಕಬ್ಬಿಣ ಉಳಿದಿರುತ್ತದೆ. ಹೊರಗೆ ಮೂರು ಕೋಟ್ ಬಣ್ಣ ಹೊಡೆದು ಒಳಗೆ ಹಾಗೇ ಬಿಟ್ಟರೆ ತುಕ್ಕಿಗೆ ಬಾಗಿಲು ತೆಗೆದಿಟ್ಟ ಹಾಗೆಯೇ. ಎಷ್ಟೋ ಕಡೆ ಕೆಲಸ ಕೆಡೋದು ಇಲ್ಲೇ, ನನಗೆ ಇದು ನಿಜಕ್ಕೂ ಬೇಜಾರು ತರಿಸುವ ವಿಷಯ. ಯಾಕೆಂದರೆ ಕಷ್ಟದ ಕೆಲಸವೆಲ್ಲ ಮುಗಿದಿರುತ್ತದೆ, ಉಳಿದಿರೋದು ಅರ್ಧ ದಿನದ ಸುಲಭದ ಕೆಲಸ.

ಎರಡು ತಗಡು ಒಂದರ ಮೇಲೊಂದು ಕೂರುವ ಕಡೆ ವೆಲ್ಡ್ ಮಾಡುವ ಮುಂಚೆಯೇ ಸತು ಇರುವ, ವೆಲ್ಡಿನ ಬಿಸಿ ತಾಳುವ ಪ್ರೈಮರ್ ಹಚ್ಚಬೇಕು. ವೆಲ್ಡ್ ಆದ ಮೇಲೆ ಕೈ ಹೋಗುವ ಕಡೆಯೆಲ್ಲ ಎಪಾಕ್ಸಿ ಪ್ರೈಮರ್, ಜೋಡಣೆಗಳಿಗೆ ಸಂದು ಮುಚ್ಚುವ ಸೀಮ್ ಸೀಲರ್. ಬಣ್ಣದ ಕೆಲಸ ಮುಗಿದ ಮೇಲೆ ಸಿಲ್ಲಿನಂಥ ಪೆಟ್ಟಿಗೆ ಭಾಗಗಳೊಳಗೆ ಉದ್ದ ನಳಿಕೆಯಲ್ಲಿ ಕ್ಯಾವಿಟಿ ವ್ಯಾಕ್ಸ್, ಅಂದರೆ ತುಕ್ಕು ತಡೆಯುವ ಮೇಣ, ಸಿಂಪಡಿಸಬೇಕು. ಅದು ಗಟ್ಟಿಯಾಗದೆ ಮೆತ್ತಗೆ ಉಳಿದು ಸಂದುಗಳಿಗೆ ಇಳಿಯುತ್ತದೆ. ವ್ಯಾಕ್ಸ್ ಉರಿಯುವ ವಸ್ತು, ಆದ್ದರಿಂದ ಎಲ್ಲಾ ವೆಲ್ಡಿಂಗ್ ಮುಗಿದ ಮೇಲೇ ಅದರ ಸರದಿ. ಕೊನೆಗೆ ಸಿಲ್ಲಿನ ಕೆಳಗಿರುವ ನೀರು ಹೋಗುವ ತೂತುಗಳನ್ನು ತಂತಿಯಲ್ಲಿ ಚುಚ್ಚಿ ಬಿಡಿಸಿ. ಹೊಸ ಸಿಲ್ ಹಾಕುವವರು ಆ ತೂತುಗಳನ್ನೇ ವೆಲ್ಡ್ ಮಾಡಿ ಮುಚ್ಚಿಬಿಡೋದುಂಟು.

ನಿಮ್ಮ ಗಾಡಿಗೆ ಈಗಲೂ ವ್ಯಾಕ್ಸ್ ಹೊಡೆಸಬಹುದು, ಮೊದಲು ಒಳಗೆ ಪೂರ್ತಿ ಒಣಗಿಸಿ. ಸಿಲ್ಲಿಗೆ ನೀರು ಎಲ್ಲಿಂದ ಬರ್ತಿದೆ ಅಂತಲೂ ಹುಡುಕಿ. ಮುಂದಿನ ಗಾಜಿನ ರಬ್ಬರು, ಚಾವಣಿಯ ಅಂಚು, ಚಕ್ರದ ಮೇಲೆ ಸೇರಿಕೊಂಡ ಮಣ್ಣು, ಇವು ಮೂರನ್ನೂ ನೋಡಿ.

ಪ್ರಶ್ನೆ: ಇಷ್ಟೆಲ್ಲ ಮಾಡಿ ಈ ವ್ಯಾನ್ ಉಳಿಸಿಕೊಳ್ಳೋದು ಲಾಭವಾ? ಪ್ಯಾನಲ್ ಆರ್ಡರ್ ಮಾಡೋಕೆ ಹೊರಟಿದ್ದೆ.

ಆರ್ಡರ್ ಆಮೇಲೆ. ಮೊದಲು ಗಾಡಿಯನ್ನು ಭದ್ರವಾಗಿ ಮೇಲೆತ್ತಿ ಅಡಿಯೆಲ್ಲ ತೊಳೆದು, ಸುತ್ತಿಗೆ ಮತ್ತು ಸ್ಕ್ರೂಡ್ರೈವರ್ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ತಟ್ಟುತ್ತಾ ಹೋಗಿ. ಸಿಕ್ಕ ತೂತಿಗೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಪಕ್ಕದ ತಗಡು, ಸಿಲ್, ನೆಲದ ತುಂಡುಗಳು ಮಾತ್ರ ಹೋಗಿದ್ದರೆ ಧೈರ್ಯವಾಗಿ ಮಾಡಿ, ತಾಳ್ಮೆ ಇದ್ದವರು ಕಲಿತು ಮಾಡಬಹುದಾದ ಕೆಲಸ. ಸಸ್ಪೆನ್ಷನ್ ಕೂರುವ ಜಾಗ, ಸ್ಟೀರಿಂಗ್ ಕಚ್ಚಿರುವ ಜಾಗ, ಸೀಟ್ ಬೆಲ್ಟ್ ಬೋಲ್ಟಿನ ಸುತ್ತ ಮೆತ್ತಗಾಗಿದ್ದರೆ ಅದನ್ನು ಕಲಿಯೋಕೆ ಬಳಸಬೇಡಿ, ನುರಿತವರಿಗೆ ಕೊಡಿ. ಈ ಮೂರೂ ಕಡೆ ಹೋಗಿದೆ, ಚಾಸಿ ರೈಲೂ ತಟ್ಟಿದರೆ ಪುಡಿ ಉದುರ್ತಿದೆ ಅಂದರೆ, ನನ್ನ ಕೇಳಿದರೆ ಆ ವ್ಯಾನಿನ ಎಂಜಿನ್ನು, ಬಾಗಿಲು, ಗಾಜು ಬಿಚ್ಚಿಟ್ಟುಕೊಂಡು ಗಟ್ಟಿ ಬಾಡಿ ಇರುವ ಇನ್ನೊಂದನ್ನು ಹುಡುಕೋದೇ ಒಳ್ಳೆಯದು.

ಆರ್ಡರ್ ಮಾಡಿದ ಪ್ಯಾನಲ್ ಕೈಗೆ ಬಂದ ಮೇಲೂ ಹಳೆಯದನ್ನು ಕೂಡಲೇ ಕತ್ತರಿಸಬೇಡಿ. ಹಳೆಯದರ ಮೇಲೆ ಹಿಡಿದು ಮಡಿಕೆಗಳು, ಬೋಲ್ಟಿನ ತೂತುಗಳು ಕೂಡುತ್ತವಾ ನೋಡಿ. ಕೂಡದಿದ್ದರೆ ವಾಪಸ್ ಕಳಿಸೋಕೆ ಅದೇ ಸಮಯ.