ಪಂಪ್ ಗುಂಯ್‌ಗುಡುತ್ತದೆ, ತಿರುಗುತ್ತಿಲ್ಲ: ಮೊದಲು ಇದನ್ನು ನೋಡಿ

ಮೋಟರ್‌ಹೋಮ್‌ನ (ವಾಸದ ಸೌಲಭ್ಯವುಳ್ಳ ವಾಹನ) ಶೌಚದ ಟ್ಯಾಂಕಿಗೆ ಮ್ಯಾಸರೇಟರ್ ಪಂಪ್, ಅಂದರೆ ಕೊಳೆಯನ್ನು ಬ್ಲೇಡಿನಿಂದ ಅರೆದು ಹೊರದೂಡುವ ಪಂಪ್, ಜೋಡಿಸಿದ್ದೀರಿ, ತಿಂಗಳುಗಟ್ಟಲೆ ಬಳಸದೆ ಇಟ್ಟಿದ್ದರಿಂದಲೋ ಏನೋ ಅದು ಗುಂಯ್‌ಗುಡುತ್ತದೆಯೇ ಹೊರತು ತಿರುಗುತ್ತಿಲ್ಲ ಎಂದಿದ್ದೀರಿ. ದಯವಿಟ್ಟು ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತಬೇಡಿ, ಮೋಟರ್ ಸುಟ್ಟೀತು.

ಬಹುಮಟ್ಟಿಗೆ ಒಳಗಿನ ರಬ್ಬರ್ ಇಂಪೆಲ್ಲರ್ (ತಿರುಗಿ ದ್ರವವನ್ನು ತಳ್ಳುವ ಚಕ್ರ) ಒಣಗಿ ಕವಚಕ್ಕೆ ಅಂಟಿಕೊಂಡಿರುತ್ತದೆ. ವಿದ್ಯುತ್ ಸಂಪರ್ಕ ತೆಗೆದು ಮೋಟರಿನ ಹಿಂಬದಿ ನೋಡಿ. ಹಲವು ಮಾದರಿಗಳಲ್ಲಿ ಸ್ಕ್ರೂಡ್ರೈವರ್ ಸಿಗಿಸಿ ಶಾಫ್ಟನ್ನು ಕೈಯಲ್ಲೇ ತಿರುಗಿಸಲು ಅಲ್ಲೊಂದು ಸೀಳು ಇರುತ್ತದೆ. ನಿಧಾನವಾಗಿ ಹಿಂದೆಮುಂದೆ ಆಡಿಸಿದರೆ ಸಾಕು, ಬಿಟ್ಟುಕೊಳ್ಳುತ್ತದೆ. ಆಗಲೂ ಬಿಗಿಯಾಗಿದ್ದರೆ ಬ್ಲೇಡಿಗೆ ವೆಟ್ ವೈಪ್ಸ್ (ಒರೆಸುವ ಒದ್ದೆ ಹಾಳೆಗಳು) ಸುತ್ತಿಕೊಂಡಿರಬಹುದು. ‘ಫ್ಲಶ್ ಮಾಡಬಹುದು’ ಎಂದು ಬರೆದಿದ್ದರೂ ಅವನ್ನು ಟ್ಯಾಂಕಿಗೆ ಹಾಕಲೇಬಾರದು.

ತಂತಿಯನ್ನೂ ಪರೀಕ್ಷಿಸಿ. ಈ 12 ವೋಲ್ಟ್ ಪಂಪುಗಳು ಹೆಚ್ಚು ಕರೆಂಟ್ ಎಳೆಯುತ್ತವೆ. ಉದ್ದವಾದ ಸಣಕಲು ತಂತಿಯಲ್ಲಿ ವೋಲ್ಟೇಜ್ ಕುಸಿದು ಪಂಪ್ ಹೀಗೆಯೇ ನರಳುತ್ತದೆ.

ಸರಿಯಾದ ಮೇಲೆ ಶೌಚದ ಟ್ಯಾಂಕನ್ನೇ ಮೊದಲು ಖಾಲಿ ಮಾಡಿ. ಆಮೇಲೆ ಸ್ನಾನ, ಪಾತ್ರೆ ತೊಳೆದ ನೀರನ್ನು ಬಿಟ್ಟರೆ ಪಂಪ್, ಕೊಳವೆ ಎರಡೂ ತೊಳೆದುಹೋಗುತ್ತವೆ. ಶಬ್ದ ಏಕಾಏಕಿ ಏರಿದರೆ ಒಳಗೆ ದ್ರವ ಮುಗಿದಿದೆ ಎಂದರ್ಥ, ತಕ್ಷಣ ನಿಲ್ಲಿಸಿ. ಒಣಗಿ ಓಡಿದರೆ ಇಂಪೆಲ್ಲರ್ ಬೇಗನೆ ಹಾಳಾಗುತ್ತದೆ.