ಸಂಪಾದಕರ ಉತ್ತರ: ಹೊಳೆ ಹಿಂದಕ್ಕೆ ಹರಿಯುವ ಹೊತ್ತು

(ಗಂಗಾವತಿಯ ಓದುಗರೊಬ್ಬರ ಪತ್ರದ ಸಾರ: ದಸರಾ ರಜೆಯಲ್ಲಿ ಮನೆಮಂದಿಯೆಲ್ಲ ತದಡಿಗೆ ಹೋಗಿದ್ದೆವು. ಅಘನಾಶಿನಿ ಸಮುದ್ರ ಸೇರುವ ಜಾಗ. ಗದ್ದಲ ಇಲ್ಲ, ದೋಣಿಗಳು ತಮ್ಮ ಪಾಡಿಗೆ ಓಡಾಡುತ್ತಿದ್ದವು. ಮಧ್ಯಾಹ್ನದ ಮೇಲೆ ಎರಡು ಗಂಟೆ ವಿಡಿಯೊ ಮಾಡಿದೆ. ಮನೆಗೆ ಬಂದು ಟಿವಿಗೆ ಹಾಕಿ ನೋಡಿದರೆ ದಂಡೆಯಿಂದ ದಂಡೆಗೆ ಬಿಳಿ ನೀರು, ಇರುವೆಯಂಥ ದೋಣಿಗಳು. ಅಳಿಯ ಡ್ರೋನ್ ಹಾರಿಸಿದಾಗ ಅಲ್ಲಿಯವರು ಬೈದರು. ನಾವೇನು ತಪ್ಪು ಮಾಡಿದೆವು? ಒಳ್ಳೆ ಕ್ಯಾಮೆರಾ ತಗೊಂಡರೆ ಸರಿಹೋಗುತ್ತಾ? ನಮ್ಮ ತುಂಗಭದ್ರೆಗೂ ಇಂಥ ಜಾಗ ಇದೆಯಾ ಅಂತ ಮೊಮ್ಮಗಳು ಕೇಳಿದಳು. ಉತ್ತರ ಹೇಳಲು ಬರಲಿಲ್ಲ.)

ಕ್ಯಾಮೆರಾ ವಿಷಯ ಮೊದಲು ಮುಗಿಸೋಣ. ಬೇಡ, ತಗೋಬೇಡಿ. ನಿಮ್ಮ ಫೋನಿನ ತಪ್ಪೇನೂ ಇಲ್ಲ, ನೀವು ಹೋದ ಹೊತ್ತು ಸರಿಯಿರಲಿಲ್ಲ. ಇದನ್ನು ದೊಡ್ಡ ಫೋಟೊಗ್ರಾಫರನ ಹಾಗೆ ಹೇಳುತ್ತಿಲ್ಲ ರೀ. ಅದೇ ತದಡಿಯಲ್ಲಿ ಚೀಲ ತೋಯಿಸಿಕೊಂಡು ಬಂದವನು ನಾನು.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಕೊಪ್ಪಳದಿಂದ ನಸುಕಿನಲ್ಲಿ ಹೊರಟು, ಹುಬ್ಬಳ್ಳಿ ದಾಟಿ, ಅರಬೈಲು ಘಟ್ಟ ಇಳಿದು ಹೋಗಿದ್ದೆ. (ನಮ್ಮೂರ ಪಕ್ಕ ಹಾದುಹೋಗುವ ಈ ರಸ್ತೆ ಹಳೇ ಲೆಕ್ಕದಲ್ಲಿ ಅಂಕೋಲಾ–ಗುತ್ತಿ ಹೆದ್ದಾರಿ. ದಿನಾ ದಾಟುವ ರಸ್ತೆಯ ಒಂದು ತುದಿಯಲ್ಲಿ ಸಮುದ್ರ ಇದೆ ಅನ್ನುವುದು ನಮಗೆ ನೆನಪೇ ಇರಲ್ಲ.) ನೀರಿನ ಪಕ್ಕ ಚೊಕ್ಕ ಮರಳು ಕಂಡಿತು. ಚೀಲ ಅಲ್ಲಿಟ್ಟೆ. ಇಪ್ಪತ್ತು ಹೆಜ್ಜೆ ಆಚೆ ಟ್ರೈಪಾಡ್ ನಿಲ್ಲಿಸಿ, ದೋಣಿ ನೋಡುತ್ತಾ ಮೈಮರೆತೆ. ಸ್ವಲ್ಪ ಹೊತ್ತಿಗೆ ಬಲೆ ಬಿಡಿಸುತ್ತಾ ಕೂತಿದ್ದ ಅಜ್ಜ ಒಬ್ಬರು ಕೂಗಿದರು: "ಚೀಲ ಎತ್ಕಳಿ, ಭರತ ಬಂತು!" ಯಾರಪ್ಪಾ ಈ ಭರತ ಅಂತ ನಾನು ದಾರಿ ಕಡೆ ತಿರುಗಿ ನೋಡಿದೆ. ಅಷ್ಟರಲ್ಲಿ ಚೀಲ ಅರ್ಧ ನೀರಿನಲ್ಲಿತ್ತು.

ನಾವು ತುಂಗಭದ್ರೆ ದಂಡೆಯವರು. ಹೊಳೆ ಏರಿತು ಅಂದರೆ ಮಲೆನಾಡಿನಲ್ಲಿ ಮಳೆ ಆಗಿರಬೇಕು, ಇಲ್ಲ ಡ್ಯಾಮಿನ ಗೇಟು ಎತ್ತಿರಬೇಕು. ನೀರು ಬರುವುದಾದರೆ ಮೇಲಿನಿಂದ ಬರುತ್ತದೆ, ಸುದ್ದಿ ಅದಕ್ಕೂ ಮೊದಲೇ ಬಂದಿರುತ್ತದೆ. ಮೋಡವೇ ಇಲ್ಲದ ದಿನ, ಕೆಳಗಿನಿಂದ, ಸದ್ದಿಲ್ಲದೆ ಬರುತ್ತದೆ ಅಂತ ಯಾರಿಗೆ ಹೊಳೆಯಬೇಕು?

ಹೊಳೆ ಸಮುದ್ರ ಸೇರುವ ಜಾಗಕ್ಕೆ ಕರಾವಳಿಯವರು 'ಅಳಿವೆ ಬಾಗಿಲು' ಅನ್ನುತ್ತಾರೆ. ಸುಮ್ನೆ ಇಟ್ಟ ಹೆಸರಲ್ಲ. ದಿನಕ್ಕೆ ಎರಡು ಸಲ ಸಮುದ್ರ ಒಳಗೆ ಬರುತ್ತದೆ, ಅದು ಭರತ. ಎರಡು ಸಲ ನೀರು ಹೊರಗೆ ಹೋಗುತ್ತದೆ, ಅದು ಇಳಿತ. ಒಂದೊಂದಕ್ಕೂ ಆರು ಗಂಟೆ ಚಿಲ್ಲರೆ. ಆ ಚಿಲ್ಲರೆಯೆಲ್ಲ ಸೇರಿ ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಿಗ್ಗೆ 9ಕ್ಕೆ ತುಂಬಿದ್ದು ನಾಳೆ 10ರ ಹತ್ತಿರ ತುಂಬುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ಜಾಸ್ತಿ. ಅಷ್ಟಮಿ ಸುತ್ತಮುತ್ತ ಕಡಿಮೆ. ಹಾಗಾಗಿ ಹೊರಡುವ ಮೊದಲು ಗೋಡೆ ಕ್ಯಾಲೆಂಡರಿನಲ್ಲಿ ರಜೆ ಯಾವತ್ತು ಅಂತ ನೋಡಿದರೆ ಸಾಲದು, ತಿಥಿಯನ್ನೂ ನೋಡಬೇಕು. ದಂಡೆಯಿಂದ ದಂಡೆಗೆ ನೀರಿತ್ತು ಅಂತ ಬರೆದಿದ್ದೀರಿ. ಅಂದರೆ ನೀವು ಹೋದಾಗ ಭರತ ತುಂಬಿ ನಿಂತಿತ್ತು. ನೋಡುವಂಥದ್ದೆಲ್ಲ ನೀರಿನ ಕೆಳಗಿತ್ತು.

ಮುಂದಿನ ಸಲ ಒಂದು ರಾತ್ರಿ ಉಳಿಯಿರಿ. ತುಂಬಿದ ನೀರು ತಿರುಗುವ ಹೊತ್ತಿಗೆ ದಂಡೆಗೆ ಬಂದು, ಪೂರಾ ಇಳಿತ ಒಂದೇ ಕಡೆ ಕೂತುಬಿಡಿ. ನನ್ನ ಸಲಹೆ ಇಷ್ಟೇ.

ಚೀಲ ಒಣಗಲು ಹಾಕಿದ ದಿನ ನಾನು ಬೇರೆ ದಾರಿಯಿಲ್ಲದೆ ಹಾಗೆ ಕೂತಿದ್ದೆ. ಒಂದು ತೆಂಗಿನ ಸಿಪ್ಪೆ ಸಮುದ್ರದ ಕಡೆಯಿಂದ ತೇಲಿ ಬಂತು. ಘಟ್ಟದ ಕಡೆಗೆ ಹೊರಟಿತ್ತು. ಹೋಗ್ತಾ ಹೋಗ್ತಾ ನಿಧಾನ ಆಯಿತು, ನಿಂತೇಬಿಟ್ಟಿತು. ಒಂದು ಕಾಗೆ ಬಂದು ಅದರ ಮೇಲೆ ಕೂತು, ಕುಕ್ಕಿ, ಬೇಜಾರಾಗಿ ಎದ್ದು ಹೋಯಿತು. ಸಿಪ್ಪೆ ಅಲ್ಲೇ ಇತ್ತು. ಆಮೇಲೆ ಯಾರೋ ದಾರ ಕಟ್ಟಿ ಎಳೆದ ಹಾಗೆ ಬಂದ ದಾರಿಯಲ್ಲೇ ವಾಪಸ್ ಹೊರಟಿತು. ಅದೇ ಹೊತ್ತಿಗೆ ಲಂಗರು ಹಾಕಿದ್ದ ದೋಣಿಗಳು ಒಂದೊಂದಾಗಿ ಮುಖ ತಿರುಗಿಸತೊಡಗಿದವು. ಮೂತಿಗೆ ಹಗ್ಗ ಕಟ್ಟಿದ ದೋಣಿ, ಗಾಳಿ ಜೋರಿಲ್ಲದ ದಿನ, ಹರಿವಿಗೆ ಎದುರಾಗಿ ನಿಲ್ಲುತ್ತದೆ. ಅಷ್ಟು ಹೊತ್ತು ಸಮುದ್ರ ನೋಡುತ್ತಿದ್ದವು ಈಗ ಘಟ್ಟ ನೋಡುತ್ತಿದ್ದವು. ಬಯಲಲ್ಲಿ ಮೇಯುವ ದನ ಮಳೆ ಹೊಡೆತಕ್ಕೆ ಒಟ್ಟಿಗೆ ಬೆನ್ನು ಕೊಡುತ್ತವಲ್ಲ, ಹಾಗೆ.

ದೋಣಿ ಹಾಗೆ ತಿರುಗುವುದನ್ನು ವಿಡಿಯೊ ತೆಗೆಯಿರಿ. ಫೋನು ಅಲುಗಾಡದ ಹಾಗೆ ನಿಲ್ಲಿಸಿ, ಟೈಮ್‌ಲ್ಯಾಪ್ಸ್ (ನಿಧಾನಕ್ಕೆ ನಡೆಯುವುದನ್ನು ಓಡಿಸಿ ತೋರಿಸುವ ವಿಡಿಯೊ) ಒತ್ತಿ, ಅರ್ಧ ಗಂಟೆ ಮುಟ್ಟದೆ ಬಿಡಿ. ಹಸಿ ಮರಳಲ್ಲಿ ಟ್ರೈಪಾಡಿನ ಕಾಲು ಮೆಲ್ಲಗೆ ಇಳಿಯುತ್ತದೆ. ಕಣ್ಣಿಗೆ ಗೊತ್ತಾಗಲ್ಲ, ವಿಡಿಯೊದಲ್ಲಿ ಸಮುದ್ರವೇ ವಾಲಿರುತ್ತದೆ. ಮೂರು ಕಾಲಿನ ಕೆಳಗೆ ಮೂರು ತೆಂಗಿನ ಚಿಪ್ಪು ಬೋರಲು ಹಾಕಿ. ಅಲ್ಲಿ ಚಿಪ್ಪಿಗೆ ಬರವಿಲ್ಲ.

ಬೆಳಕಿನ ಲೆಕ್ಕ ಸುಲಭ. ಅಲ್ಲಿ ಅಳಿವೆ ಪಡುವಣಕ್ಕೆ ತೆರೆದಿದೆ. ಮಧ್ಯಾಹ್ನದ ಮೇಲೆ ಸೂರ್ಯ ನೇರ ಲೆನ್ಸಿಗೆ ಬೀಳುತ್ತಾನೆ, ನೀರು ತಗಡಿನ ಹಾಗೆ ಹೊಳೆಯುತ್ತದೆ. ನಿಮ್ಮ ಬಿಳಿ ನೀರಿನ ಕಾರಣ ಇದೇ. ಬೆಳಿಗ್ಗೆ ಸೂರ್ಯ ಘಟ್ಟದ ಮೇಲಿಂದ, ನಿಮ್ಮ ಬೆನ್ನ ಹಿಂದಿನಿಂದ ಬರುತ್ತಾನೆ. ಒಳಗೆ ಬರುವ ದೋಣಿಯ ಬಣ್ಣ, ನಿಂತವರ ಮುಖ, ಎಲ್ಲ ಕಾಣುತ್ತದೆ. ಫೋನಿನ ಪರದೆ ಮೇಲೆ ದೋಣಿಯನ್ನೇ ಬೆರಳಿಂದ ಒತ್ತಿ ಹಿಡಿದರೆ ಬೆಳಕು ಅಲ್ಲಿಗೇ ನಿಲ್ಲುತ್ತದೆ. ಜೂಮ್ ಮಾಡಬೇಡಿ, ದೋಣಿ ಹತ್ತಿರ ಬರುವವರೆಗೆ ಕಾಯಿರಿ. ಲೆನ್ಸಿಗೆ ಉಪ್ಪುನೀರು ಸಿಡಿದರೆ ಅಂಗಿಯಿಂದ ಒರೆಸಬೇಡಿ. ಸಿಹಿನೀರಲ್ಲಿ ನೆನೆಸಿದ ಮೆತ್ತನೆ ಬಟ್ಟೆ ಒಂದು ಜೇಬಲ್ಲಿರಲಿ.

ಈಗ ಡ್ರೋನು. ನಿಮ್ಮ ಅಳಿಯಂದಿರಿಗೆ ಬೇಜಾರಾದರೂ ಸರಿ, ಬೈದವರ ಕಡೆಗೆ ನಾನಿದ್ದೇನೆ.

ನೀರು ಇಳಿದ ಮೇಲೆ ಅಘನಾಶಿನಿಯ ಹೊಟ್ಟೆ ಕಾಣುತ್ತದೆ. ಮರಳ ದಿಣ್ಣೆ, ಕೆಸರು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರು. ಗಂಡಸರು, ಹೆಂಗಸರು ಮೊಣಕಾಲಿನ ನೀರಿಗೆ ಇಳಿದು ಬಳಚು ಆರಿಸುತ್ತಾರೆ. ಬಳಚು ಅಂದರೆ ತಿನ್ನುವ ಚಿಪ್ಪಿ. ಬಗ್ಗಿ, ಸೀರೆ ಎತ್ತಿ ಕಟ್ಟಿ, ಇಳಿತ ಮುಗಿಯುವುದರೊಳಗೆ ಬುಟ್ಟಿ ತುಂಬಬೇಕು. ಗಂಗಾವತಿಯಲ್ಲಿ ಭತ್ತದ ನಾಟಿ ನಡೆದಾಗ ಗೊತ್ತಿಲ್ಲದ ಯಾರೋ ಬಂದು ನಮ್ಮ ಹೆಣ್ಣುಮಕ್ಕಳ ತಲೆ ಮೇಲೆ ಡ್ರೋನ್ ಬಿಟ್ಟರೆ ನೀವು ಚಹಾ ಕೊಟ್ಟು ಕಳಿಸುತ್ತೀರಾ? ಅಷ್ಟೇ ವಿಷಯ. ಹತ್ತಿರ ಹೋಗಿ, ಫೋನು ಜೇಬಲ್ಲಿಟ್ಟು ಮಾತಾಡಿ, ಕೇಳಿ. ಬೇಡ ಅಂದರೆ ಬೇಡ. ಕೇಳಿದ್ದಕ್ಕೆ ನನಗೆ ಇಬ್ಬರು ಬೇಡ ಅಂದರು, ಮೂರನೆಯವರು ಕೈ ಮಾತ್ರ ತೆಗೆಯಿರಿ ಅಂದರು. ಕೆಸರು ಮೆತ್ತಿದ ಆ ಕೈ, ಬೆರಳ ಸಂದಿಯಲ್ಲಿ ನಾಲ್ಕು ಚಿಪ್ಪಿ. ಅವತ್ತು ನನಗೆ ಸಿಕ್ಕ ಒಳ್ಳೆ ಚಿತ್ರ ಅದೊಂದೇ.

ಹಕ್ಕಿಗಳ ಮಾತೂ ಇದೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಅದರ ಜೊತೆಗೇ ಸೇರಿದ ಇನ್ನೆರಡು ನಮ್ಮ ಅಕ್ಕಪಕ್ಕದವು: ಗದಗ ಜಿಲ್ಲೆಯ ಮಾಗಡಿ ಕೆರೆ, ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರ. ಅಂಕಸಮುದ್ರದಲ್ಲಿ ಒಂದು ಸದ್ದಿಗೆ ಇಡೀ ಹಿಂಡು ಎದ್ದು ಹೋಗುವುದನ್ನು ನೀವು ನೋಡಿರಬಹುದು. ಅಘನಾಶಿನಿಯಲ್ಲೂ ಹಾಗೇ. ಕಾನೂನು ಕೇಳಿದರೆ, 2021ರ ಡ್ರೋನ್ ನಿಯಮದಂತೆ ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಬಹುದು, ಹಳದಿ ಮತ್ತು ಕೆಂಪು ವಲಯಕ್ಕೆ ಅನುಮತಿ ಬೇಕು. ಹೊರಡುವ ಮೊದಲು ಆ ವಲಯಗಳ ನಕ್ಷೆ ನೋಡಿಕೊಳ್ಳಿ. ಕಾರವಾರದ ಕಡೆ ಹೋಗುವುದಾದರೆ ಅಲ್ಲಿ ನೌಕಾನೆಲೆ ಇದೆ, ಡ್ರೋನ್ ಮನೆಯಲ್ಲೇ ಬಿಟ್ಟು ಹೋಗಿ.

ದೋಣಿಯವರ ಸಿಟ್ಟಿಗೆ ಇನ್ನೊಂದು ಕಾರಣವೂ ಇರುತ್ತದೆ. ನಿಮಗೆ ಶಾಂತವಾಗಿ ಕಂಡ ಆ ಬಾಗಿಲಲ್ಲಿ ಅಡ್ಡಕ್ಕೆ ಮರಳು ಕೂತಿರುತ್ತದೆ. ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿಂದ ಸಮುದ್ರದ ತೆರೆ ಬಂದರೆ, ಆ ದಿಣ್ಣೆ ಮೇಲೆ ತೆರೆ ನೆಟ್ಟಗೆ ಎದ್ದು ಮುರಿಯುತ್ತದೆ. ಒಳಗೆ ಬರುವ ದೋಣಿ ಆಚೆಯೇ ನಿಂತು ತೆರೆ ಎಣಿಸುತ್ತದೆ. ಎರಡು ದೊಡ್ಡ ತೆರೆ ಹೋಗಲಿ ಅಂತ ಕಾದು, ಸಂದು ಸಿಕ್ಕ ಕೂಡಲೇ ಇಂಜಿನ್ ಜೋರು ಮಾಡಿ ನುಗ್ಗುತ್ತದೆ. ಆ ಹೊತ್ತಲ್ಲಿ ಚುಕ್ಕಾಣಿ ಹಿಡಿದವನ ಕಣ್ಣು ಮೇಲೆ ಗುಂಯ್‌ಗುಡುವ ಡ್ರೋನಿನ ಕಡೆ ಹೋಗಬಾರದು. ನಮ್ಮ ಆನೆಗೊಂದಿಯಲ್ಲಿ ಹರಿಗೋಲು ಹಾಕುವವರು ಸುಳಿ ಹತ್ತಿರ ಬಂದಾಗ ಮಾತು ನಿಲ್ಲಿಸುತ್ತಾರೆ, ಗಮನಿಸಿದ್ದೀರಾ?

ನಿಮ್ಮನ್ನೂ ಬಾಗಿಲು ದಾಟಿಸಿ ಸಮುದ್ರಕ್ಕೆ ಕರೆದೊಯ್ಯಿ ಅಂತ ದುಡ್ಡು ಜಾಸ್ತಿ ಕೊಟ್ಟು ಯಾರನ್ನೂ ಒತ್ತಾಯ ಮಾಡಬೇಡಿ, ಮಳೆಗಾಲದಲ್ಲಂತೂ ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಹೋದರೆ ದಡಕ್ಕೆ ಕಟ್ಟಿದ ದೋಣಿ, ಬಲೆ ಹೊಲಿಯುವವರು ಸಿಗುತ್ತಾರೆ. ಅದೂ ಚೆನ್ನಾಗಿಯೇ ಇರುತ್ತದೆ. ತದಡಿಯಿಂದ ಆಚೆ ದಂಡೆಯ ಅಘನಾಶಿನಿ ಊರಿಗೆ ದಾಟಿಸುವ ದೋಣಿ ಇದೆ. ಅದರಲ್ಲೊಮ್ಮೆ ಕೂತು ಬನ್ನಿ. ಸಂಜೆ ಕಡೇ ದೋಣಿ ಎಷ್ಟು ಹೊತ್ತಿಗೆ ಅಂತ ಹತ್ತುವ ಮೊದಲೇ ಕೇಳಿಕೊಳ್ಳಿ.

ಇನ್ನು ಮೊಮ್ಮಗಳ ಪ್ರಶ್ನೆ. ಪತ್ರದಲ್ಲಿ ನನಗೆ ಬಹಳ ಹಿಡಿಸಿದ್ದು ಅದೇ. ಅವಳಿಗೆ ಹೀಗೆ ಹೇಳಿ: ಇದೆಯಮ್ಮ, ದೂರ ಇದೆ. ತುಂಗೆ, ಭದ್ರೆ ಹುಟ್ಟುವ ಗಂಗಾಮೂಲದ ಬೆಟ್ಟಸಾಲಿನಲ್ಲೇ ನೇತ್ರಾವತಿಯೂ ಹುಟ್ಟುತ್ತಾಳೆ. ಅವಳು ಪಡುವಣಕ್ಕೆ ಇಳಿದು ಮಂಗಳೂರಲ್ಲಿ ಬೇಗ ಸಮುದ್ರ ಸೇರಿಬಿಡುತ್ತಾಳೆ. ನಮ್ಮವಳು ಮೂಡಣಕ್ಕೆ ತಿರುಗಿದಳು. ಡ್ಯಾಮು ತುಂಬಿಸಿ, ಹಂಪಿ ಬಂಡೆ ಸುತ್ತಿ, ಕರ್ನೂಲು ದಾಟಿ ಕೃಷ್ಣೆಯ ಕೈ ಹಿಡಿದಳು. ಅಲ್ಲಿಂದ ಮುಂದೆ ಹೆಸರು ಕೃಷ್ಣೆಯದು, ನೀರು ಇಬ್ಬರದೂ. ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡ ಎಲ್ಲ ಮುಗಿಸಿ ಆಂಧ್ರದ ಹಂಸಲದೀವಿ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತಾರೆ.

ಅಲ್ಲಿಗೆ ನಾನೂ ಹೋಗಿಲ್ಲ. ನೀವು ಕಾರು ತೆಗೆದರೆ ಒಂದು ಸೀಟು ನನಗಿರಲಿ, ತೆಂಗಿನ ಚಿಪ್ಪು ನಾನು ತರುತ್ತೇನೆ. ಆದರೆ ಅಲ್ಲಿ ಸೂರ್ಯ ಸಮುದ್ರದ ಕಡೆಯಿಂದ ಏಳುತ್ತಾನೆ. ಬೆಳಕಿನ ಲೆಕ್ಕ ಪೂರಾ ತಿರುಗುಮುರುಗು, ಸಂಜೆ ತೆಗೆಯಬೇಕಾಗುತ್ತದೆ.