ಬಾಣಂತಿಯ ರಕ್ತಸ್ರಾವ ಮತ್ತು ಫೈಬ್ರಿನೋಜೆನ್ ಪರೀಕ್ಷೆ

ಪ್ರಶ್ನೆ: ತವರಿಗೆ ಬಂದಿದ್ದ ನನ್ನ ತಂಗಿಗೆ ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದೆ, ಸಿಂದಗಿಯಿಂದ ವಿಜಯಪುರಕ್ಕೆ ಕರೆದೊಯ್ಯಬೇಕಾಯಿತು. ಫೈಬ್ರಿನೋಜೆನ್ ಕಡಿಮೆಯಾಗಿದೆ ಎಂದು ಕ್ರಯೋ (ದಾನಿಗಳ ರಕ್ತದಿಂದ ಬೇರ್ಪಡಿಸಿದ, ಫೈಬ್ರಿನೋಜೆನ್ ಹೆಚ್ಚಿರುವ ಅಂಶ) ಏರಿಸಿದರು. ಈಗ ತಾಯಿ, ಮಗು ಆರಾಮವಾಗಿದ್ದಾರೆ. ಆದರೆ ವರದಿ ಬರಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಮಂಚದ ಪಕ್ಕದಲ್ಲೇ ಬೇಗ ಮಾಡುವ ಪರೀಕ್ಷೆ ಇಲ್ಲವೇ ಡಾಕ್ಟರೇ? ಅದು ತಾಲೂಕು ಆಸ್ಪತ್ರೆಗೂ ಬರಬಹುದೇ?
— ಓದುಗರೊಬ್ಬರು, ಸಿಂದಗಿ

ಉತ್ತರ: ನಿಮ್ಮ ತಂಗಿ ಚೇತರಿಸಿಕೊಂಡದ್ದು ಸಮಾಧಾನದ ಸಂಗತಿ. ನೀವು ಕೇಳುವಂಥ ಪರೀಕ್ಷೆ ಇದೆ.

ಫೈಬ್ರಿನೋಜೆನ್ ಯಕೃತ್ತಿನಲ್ಲಿ ತಯಾರಾಗುವ ಪ್ರೋಟೀನು. ಗಾಯವಾದಾಗ ಇದು ಫೈಬ್ರಿನ್ ಎಂಬ ಎಳೆಗಳಾಗಿ ಮಾರ್ಪಟ್ಟು, ಹೆಪ್ಪನ್ನು ಬಲೆಯಂತೆ ಹಿಡಿದು ಗಟ್ಟಿಗೊಳಿಸುತ್ತದೆ. ಹೆಚ್ಚು ರಕ್ತ ಹೋದಾಗ, ಹೆಪ್ಪುಗಟ್ಟಿಸುವ ಅಂಶಗಳ ಪೈಕಿ ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ಅಪಾಯದ ಮಟ್ಟಕ್ಕೆ ಇಳಿಯುವುದೂ ಇದೇ. 100 ಮಿ.ಲೀ. ಪ್ಲಾಸ್ಮಾದಲ್ಲಿ (ರಕ್ತದ ದ್ರವಭಾಗ) 200ರಿಂದ 400 ಮಿ.ಗ್ರಾಂ ಇದ್ದರೆ ಸಹಜ ಎನ್ನುತ್ತೇವೆ. ಆದರೆ ತುಂಬು ಗರ್ಭಿಣಿಯಲ್ಲಿ ಅದು 400ರಿಂದ 600ರವರೆಗೆ ಏರಿರುತ್ತದೆ. ಆದ್ದರಿಂದ ರಕ್ತಸ್ರಾವವಾಗುತ್ತಿರುವ ಬಾಣಂತಿಯ ವರದಿಯಲ್ಲಿ 210 ಎಂದಿದ್ದು, ಅದರ ಮುಂದೆ ‘ಸಹಜ’ ಎಂದೇ ಅಚ್ಚಾಗಿದ್ದರೂ, ಆಕೆ ತನ್ನ ಫೈಬ್ರಿನೋಜೆನ್‌ನ ಅರ್ಧದಷ್ಟನ್ನು ಆಗಲೇ ಕಳೆದುಕೊಂಡಿರಬಹುದು. 200ಕ್ಕಿಂತ ಕೆಳಗಿಳಿದರೆ ಸ್ರಾವ ತೀವ್ರವಾಗುವ ಸಂಭವ ಬಹಳ ಹೆಚ್ಚು. ಈ ವ್ಯತ್ಯಾಸ ಹೆರಿಗೆ ಕೋಣೆಯ ಪ್ರತಿಯೊಬ್ಬರಿಗೂ ತಿಳಿದಿರಬೇಕು.

ಪ್ರಯೋಗಾಲಯದಲ್ಲಿ ಹೆಚ್ಚಾಗಿ ಬಳಸುವ ಕ್ಲಾಸ್ ವಿಧಾನ 1957ರದು. ಅಳತೆಗೆ ಹೆಚ್ಚು ಹೊತ್ತು ಬೇಡ. ರಕ್ತವನ್ನು ಅಲ್ಲಿಗೆ ತಲುಪಿಸಿ, ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸುವುದರಲ್ಲೇ ಸಮಯ ಹೋಗುತ್ತದೆ. ಮಂಚದ ಬಳಿಯ ಯಂತ್ರಗಳು ಇಡೀ ರಕ್ತವನ್ನೇ ಬಳಸಿ, ಹೆಪ್ಪು ಎಷ್ಟು ಗಟ್ಟಿಯಾಗುತ್ತಿದೆ ಎಂಬುದನ್ನು ಅಳೆಯುತ್ತವೆ. ಅವುಗಳಲ್ಲಿ ರೋಟೆಮ್ ಎಂಬ ಯಂತ್ರದ ಫಿಬ್ಟೆಮ್ ಪರೀಕ್ಷೆಯು ಹೆಪ್ಪುಗಟ್ಟಲು ನೆರವಾಗುವ ರಕ್ತಕಣಗಳಾದ ಪ್ಲೇಟ್‌ಲೆಟ್‌ಗಳ ಪಾತ್ರವನ್ನು ಔಷಧದಿಂದ ತಡೆದು, ಫೈಬ್ರಿನ್ನಿನ ಬಲವೊಂದನ್ನೇ ಸುಮಾರು ಹತ್ತು ನಿಮಿಷಗಳಲ್ಲಿ ತೋರಿಸುತ್ತದೆ. ಇದು ಫೈಬ್ರಿನೋಜೆನ್‌ನ ನೇರ ಅಳತೆಯಲ್ಲವಾದರೂ ಚಿಕಿತ್ಸೆ ನಿರ್ಧರಿಸಲು ಸಾಕಾಗುತ್ತದೆ.

ಈ ಯಂತ್ರ ದುಬಾರಿ, ರಾಸಾಯನಿಕಗಳೂ ದುಬಾರಿ, ನಡೆಸಲು ತರಬೇತಾದವರು ಬೇಕು. ತಾಲೂಕು ಆಸ್ಪತ್ರೆಗೆ ಮೊದಲು ಇದನ್ನೇ ಕೇಳಬೇಕೆಂದು ನನಗನ್ನಿಸುವುದಿಲ್ಲ. ಕೊಳಕುಮಂಡಲ ಹಾವು ಕಡಿದವರಲ್ಲಿ ರಕ್ತ ಹೆಪ್ಪುಗಟ್ಟುತ್ತಿದೆಯೇ ಎಂದು ತಿಳಿಯಲು ಮಾಡುವ ಪರೀಕ್ಷೆ ಅಲ್ಲಿಯೂ ಸಾಧ್ಯ: ಸ್ವಚ್ಛವಾದ, ಒಣಗಿದ ಗಾಜಿನ ಕೊಳವೆಯಲ್ಲಿ 2 ಮಿ.ಲೀ. ರಕ್ತವನ್ನು 20 ನಿಮಿಷ ಅಲುಗಾಡಿಸದೆ ಇಟ್ಟು, ಬಾಗಿಸಿ ನೋಡುವುದು. ಪ್ಲಾಸ್ಟಿಕ್ ಕೊಳವೆಯಾಗಲಿ ಸೋಪಿನ ಪುಡಿಯಿಂದ ತೊಳೆದದ್ದಾಗಲಿ ನಡೆಯದು. ರಕ್ತ ನೀರಾಗಿಯೇ ಉಳಿದರೆ ಫೈಬ್ರಿನೋಜೆನ್ ತೀರಾ ಕುಸಿದಿರುವ ಸಾಧ್ಯತೆ ಹೆಚ್ಚು; ಆದರೆ ಹೆಪ್ಪುಗಟ್ಟಿತೆಂದ ಮಾತ್ರಕ್ಕೆ ಬಾಣಂತಿ ಸುರಕ್ಷಿತಳು ಎನ್ನುವಂತಿಲ್ಲ.

ಯಾವ ಪರೀಕ್ಷೆಯಾದರೂ, ಅದರ ಹಿಂದೆಯೇ ಕ್ರಯೋ ಸಿಗಬೇಕು. ಅದನ್ನು ರಕ್ತನಿಧಿಯಲ್ಲಿ ಮಂಜುಗಡ್ಡೆಯಂತೆ ಗಟ್ಟಿಯಾಗಿಸಿ ಇಟ್ಟಿರುತ್ತಾರೆ, ಕರಗಿಸಲು ಸಮಯ ಬೇಕು. ಸಿಂದಗಿಯಿಂದ ವಿಜಯಪುರಕ್ಕೆ ಸುಮಾರು 60 ಕಿ.ಮೀ.; ಹೊರಡುವ ಮೊದಲೇ ಅಲ್ಲಿನ ವೈದ್ಯರಿಗೆ ಫೋನಿನಲ್ಲಿ ಸ್ಥಿತಿಯನ್ನೂ ರಕ್ತದ ಗುಂಪನ್ನೂ ತಿಳಿಸಿದರೆ ದಾರಿಯ ಆ ಹೊತ್ತು ಸಿದ್ಧತೆಗೆ ಒದಗುತ್ತದೆ. ಹೆರಿಗೆಯಾದ 3 ಗಂಟೆಯೊಳಗೆ, ಆದಷ್ಟು ಬೇಗ ಕೊಡಬೇಕಾದ, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಚುಚ್ಚುಮದ್ದನ್ನು ಯಾವ ವರದಿಗೂ ಕಾಯಿಸಬಾರದು.

ನಿಮ್ಮ ತಂಗಿ ಮತ್ತೆ ಗರ್ಭಿಣಿಯಾದರೆ ಮೊದಲ ತಪಾಸಣೆಯಲ್ಲೇ ಈ ಸಂಗತಿಯನ್ನು ತಾಯಿ ಕಾರ್ಡಿನಲ್ಲಿ ಬರೆಸಿ, ಹೆರಿಗೆಯನ್ನು ರಕ್ತನಿಧಿ ಇರುವ ಆಸ್ಪತ್ರೆಯಲ್ಲೇ ಮಾಡಿಸಿ.